ಸೇತುವೆ ಬೇಡವೆಂದ ಅಂಬಿಗನ ಮಾತು ವಾಪಸು

ಇಂದ,
ದೋಣಿ ನಡೆಸುವವನು (ಬಣ್ಣದ ಪುಸ್ತಿಕೆಯಲ್ಲಿ "ನಿಮ್ಮ ಸ್ಥಳೀಯ ಗೆಳೆಯ"),
ಹೊಳೆ ದಂಡೆಯ ಮೊದಲನೇ ಮನೆ,
ತಮ್ಮ ಕಚೇರಿಯಿಂದ ನೋಡಿದರೆ ಆಚೆ ದಡ.

ಗೆ,
ಮಾನ್ಯ ಕಾರ್ಯಪಾಲಕ ಎಂಜಿನಿಯರ್ ಅವರು,
ಸೇತುವೆ ವಿಭಾಗ,
ಈಚೆ ದಡ.

ಮೂಲಕ: ಯಾರ ಮೂಲಕವೂ ಅಲ್ಲ. ಗ್ರಾಮ ಪ್ರವಾಸ ಸಮಿತಿಯ ಮೂಲಕ ಕಳಿಸಿದ ಹಿಂದಿನ ಎರಡು ಅರ್ಜಿಗಳು ಸಮಿತಿಯಲ್ಲೇ ವಿಶ್ರಾಂತಿ ಪಡೆಯುತ್ತಿವೆ.

ವಿಷಯ: "ನಮಗೆ ಸೇತುವೆ ಬೇಡ" ಎಂದು ಅರ್ಜಿದಾರನು ಹೊಳೆಯ ನಡುವೆ, ಹುಟ್ಟು ಮೇಲೆತ್ತಿ, ದಿನಕ್ಕೆ ಎರಡು ಬಾರಿಯಂತೆ ಆಡಿದ ಮಾತನ್ನು ವಾಪಸು ಪಡೆಯಲು ಅನುಮತಿ ನೀಡುವ ಹಾಗೂ ಸೇತುವೆಯ ಕಡತವನ್ನು ಮುಚ್ಚದಿರುವ ಬಗ್ಗೆ.

ಉಲ್ಲೇಖ:
1. "ಸ್ಥಳೀಯರ ಭಾವನೆಗಳನ್ನು ಗೌರವಿಸಿ ಕಾಮಗಾರಿಯನ್ನು ಕೈಬಿಡಲು ಉದ್ದೇಶಿಸಿದೆ, ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನಗಳೊಳಗೆ ಸಲ್ಲಿಸುವುದು" ಎಂಬ ತಮ್ಮ ಪತ್ರ. (ಸದರಿ ಪತ್ರವು ಹೊಳೆ ದಾಟಲು ಹನ್ನೆರಡು ದಿನ ತೆಗೆದುಕೊಂಡಿದೆ. ಇಂದಿಗೆ ಉಳಿದಿರುವುದು ಒಂಬತ್ತು ದಿನ.)
2. ಸಮಿತಿಯ ಬಣ್ಣದ ಪುಸ್ತಿಕೆ, ಪುಟ ನಾಲ್ಕು.
3. ಸದರಿ ಪತ್ರವನ್ನು ಓದಿ ಹೇಳಿದಾಗ ಅರ್ಜಿದಾರನ ಹೆಂಡತಿ ಆಡಿದ ಒಂದೇ ಒಂದು ಮಾತು. ಅದು ಉಗುಳುವ ಮೊದಲು ಆಡುವ ಮಾತಾದ ಕಾರಣ ಇಲ್ಲಿ ನಮೂದಿಸಿಲ್ಲ.

ಮಾನ್ಯರೇ,

ಈ ಅರ್ಜಿಯನ್ನು ಬರೆಯುತ್ತಿರುವವನು ತಮ್ಮ ಕಚೇರಿಯ ಮೆಟ್ಟಿಲ ಪಕ್ಕ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಪರರ ಸಂಕಟಕ್ಕೆ ಕ್ರಮಸಂಖ್ಯೆ ಹಾಕುತ್ತಿರುವವನು. ಅರ್ಜಿದಾರನಿಗೆ ಓದುಬರಹ ಅಷ್ಟಕ್ಕಷ್ಟೆ. ಆತ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದನ್ನು ಬರೆಯುವವನು ಕಚೇರಿಯ ಭಾಷೆಗೆ ಇಳಿಸಿದ್ದಾನೆ. ಇಳಿಯದೆ ಉಳಿದ ಮಾತು ಕಂಡರೆ ಅದು ಅರ್ಜಿದಾರನದು, ಖಾರ ಹೆಚ್ಚಾಗಿದ್ದರೆ ಅದು ಬರೆದವನದು. ಇಬ್ಬರನ್ನೂ ಬೇರೆ ಬೇರೆಯಾಗಿ ಕ್ಷಮಿಸಿ, ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಬೇಕಾಗಿ ವಿನಂತಿ.

1. ಅರ್ಜಿದಾರನು ಮೂವತ್ತೊಂದು ವರ್ಷಗಳಿಂದ ಸದರಿ ಹೊಳೆಯಲ್ಲಿ ದೋಣಿ ನಡೆಸಿಕೊಂಡು ಬಂದಿರುತ್ತಾನೆ. ಈ ಅವಧಿಯಲ್ಲಿ ಆತ ಶಾಲೆಯ ಮಾಸ್ತರರನ್ನೂ, ಮೇಕೆಗಳನ್ನೂ, ಮದುವೆಯಾಗಿ ಬಂದ ಹೆಣ್ಣುಗಳನ್ನೂ, ಮುನಿಸಿಕೊಂಡು ತವರಿಗೆ ಹೊರಟ ಅದೇ ಹೆಣ್ಣುಗಳನ್ನೂ, ಒಮ್ಮೆ ಒಂದು ಬೀರುವನ್ನೂ ಅದರೊಳಗೆ ಸಿಕ್ಕಿಬಿದ್ದಿದ್ದ ಬೆಕ್ಕನ್ನೂ ದಾಟಿಸಿದ್ದಾನೆ. ದೋಣಿಯವರಲ್ಲಿ ಒಂದು ನೇಮವಿದೆ. ದೋಣಿಯಲ್ಲಿ ಆಡಿದ ಮಾತು ದಡ ಹತ್ತುವುದಿಲ್ಲ. ಅಣ್ಣತಮ್ಮಂದಿರು ದೋಣಿಯಲ್ಲಿ ಪಾಲಿಗಾಗಿ ಕಚ್ಚಾಡುತ್ತಾರೆ, ಅತ್ತೆ ಸೊಸೆಯನ್ನು ಬೈಯುತ್ತಾಳೆ, ಮರುದಿನ ಸೊಸೆ ಅದೇ ಹಲಗೆಯ ಮೇಲೆ ಕೂತು ಅತ್ತೆಯನ್ನು ಬೈಯುತ್ತಾಳೆ. ಅಂಬಿಗ ಕಿವಿ ಇಲ್ಲದವನಂತೆ ಹುಟ್ಟು ಹಾಕುತ್ತಿರುತ್ತಾನೆ. ದಡ ಮುಟ್ಟಿದೊಡನೆ ಅಷ್ಟೂ ಮಾತು ನೀರುಪಾಲು. ತಾವು ಈ ನೇಮವನ್ನು ದಯವಿಟ್ಟು ಗಮನದಲ್ಲಿಡಬೇಕು, ಏಕೆಂದರೆ ಅರ್ಜಿದಾರನು ಎಡವಿದ್ದು ಇದನ್ನು ನಂಬಿ.

2. ಮೂರು ವರ್ಷಗಳ ಹಿಂದೆ ತಮ್ಮ ವಿಭಾಗದವರು ಬಂದು ಎರಡೂ ದಡದಲ್ಲಿ ಅಳತೆ ಮಾಡಿ ಕೆಂಪು ಬಣ್ಣದ ಗೂಟ ಹೊಡೆದು ಹೋದರು. ಒಂದು ಆಂಬುಲೆನ್ಸ್ ದಾಟುವಷ್ಟು ಅಗಲದ ಸೇತುವೆ ಎಂದರು. ಪಾಪ, ಅಂಬಿಗನ ಹೊಟ್ಟೆಯ ಮೇಲೆ ಹೊಡೆದರಲ್ಲ ಎಂದು ಊರವರು ಲೊಚಗುಟ್ಟಿದರು. ಹೊಟ್ಟೆಯ ಮಾತು ಬೇರೆ, ಸೊಂಟದ ಮಾತು ಬೇರೆ. ಅರ್ಜಿದಾರನ ಸೊಂಟ ಆ ರಾತ್ರಿ ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯಾಗಿ ಮಲಗಿತು. ಸೇತುವೆ ಬಂದ ದಿನ ದೋಣಿಯನ್ನು ಬೋರಲು ಹಾಕಿ ಅದರಡಿ ಕೋಳಿ ಸಾಕುವುದೆಂದು ಗಂಡಹೆಂಡಿರು ತೀರ್ಮಾನಿಸಿದ್ದರು. ಎಷ್ಟು ಕೋಳಿ ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು. ಹೆಂಡತಿ ಹನ್ನೆರಡು ಎಂದಳು, ಹನ್ನೆರಡೇ ಆಯಿತು. ಆಗ ಅವಳ ಮಾತು ಅಂಥದ್ದು. ಆಚೆ ದಡದಲ್ಲಿ ನಿಂತು ಗಂಡನನ್ನು ಊಟಕ್ಕೆ ಕರೆದರೆ ಈಚೆ ದಡದ ನಾಯಿ ಎದ್ದು ಕೂರುತ್ತಿತ್ತು.

3. ಇಷ್ಟರಲ್ಲಿ ಊರಿಗೆ ಪ್ರಕೃತಿ ಬಂತು. ಅದಕ್ಕೆ ಮೊದಲು ಅಲ್ಲಿ ಮರ, ಮುಳ್ಳು, ಕೆಸರು, ಸೊಳ್ಳೆ, ಹೊಳೆ ಇದ್ದವು, ಪ್ರಕೃತಿ ಇರಲಿಲ್ಲ. ಜನರ ಕತೆಯೂ ಹಾಗೆಯೇ. ದರ್ಜಿ ಇದ್ದಳು, ಕಮ್ಮಾರ ಇದ್ದ, ಅಂಬಿಗ ಇದ್ದ. "ಸ್ಥಳೀಯ ಸಮುದಾಯ" ಇರಲಿಲ್ಲ. ಇವೆರಡನ್ನೂ ಒಟ್ಟಿಗೆ ಊರಿಗೆ ತಂದವನು ಅರ್ಜಿದಾರನ ಹೆಂಡತಿಯ ಸ್ವಂತ ತಮ್ಮ. ಆತ ಎಲ್ಲೋ ಮೂರು ದಿನದ ತರಬೇತಿಗೆ ಹೋಗಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ವಾಪಸಾದ. ಸಂಯೋಜಕ ಎಂದು ಅದರಲ್ಲಿ ಬರೆದಿತ್ತು. ಹದಿನೈದು ದಿನದಲ್ಲಿ ಗ್ರಾಮ ಪ್ರವಾಸ ಸಮಿತಿ ಹುಟ್ಟಿತು. ಏಳು ಜನ ಸದಸ್ಯರು, ಅವರಲ್ಲಿ ನಾಲ್ವರು ಒಂದೇ ಒಲೆಯ ಊಟದವರು. ಮಿಕ್ಕ ಮೂವರು ಆ ಒಲೆಗೆ ಸೌದೆ ಹಾಕುವವರು.

ಸಮಿತಿಯು ಅತಿಥಿಗಳಿಗೆ ಯಾವ ನಿಯಮವನ್ನೂ ಮಾಡಲಿಲ್ಲ, ಊರವರಿಗೆ ಮಾಡಿತು. ಪ್ಲಾಸ್ಟಿಕ್ ಕುರ್ಚಿಗಳು ಒಳಗಿರಬೇಕು. ದರ್ಜಿ ಕರೆಂಟಿನ ಮಿಷನ್ನಿಗೆ ಬಟ್ಟೆ ಮುಚ್ಚಿ, ಅಟ್ಟದ ಮೇಲಿದ್ದ ಅವಳ ಅಜ್ಜಿಯ ಕೈಮಿಷನ್ ತಿರುಗಿಸಬೇಕು. ಕಮ್ಮಾರನು ಕೆಲಸ ಇರಲಿ ಬಿಡಲಿ, ಹತ್ತರಿಂದ ಹನ್ನೆರಡರವರೆಗೆ ಕಬ್ಬಿಣ ಬಡಿಯಬೇಕು. ಕಾಯಿಸಿದ ಕಬ್ಬಿಣವೇ ಆಗಬೇಕೆಂದಿಲ್ಲ, ಸದ್ದು ಮುಖ್ಯ. ಯಾರಾದರೂ ಮನೆಯೊಳಗೆ ಇಣುಕಿ ನೋಡಿದರೆ ಬಾಗಿಲು ಹಾಕಬಾರದು, ನಗಬೇಕು. ಅರ್ಜಿದಾರನ ದೋಣಿಗೆ ಆರು ವರ್ಷಗಳಿಂದ ಒಂದು ಎಂಜಿನ್ ಇತ್ತು. ಎಂಜಿನ್ ಹಾಕಿದರೆ ಏಳು ನಿಮಿಷದಲ್ಲಿ ಆಚೆ ದಡ. ಹುಟ್ಟು ಹಾಕಿದರೆ ಇಪ್ಪತ್ತೈದು ನಿಮಿಷ. ಎಂಜಿನ್ ಸದ್ದಿಗೆ ಪ್ರಕೃತಿ ಓಡಿಹೋಗುತ್ತದೆ ಎಂದು ತೀರ್ಮಾನವಾಗಿ, ಅದನ್ನು ಬಿಚ್ಚಿ ಸಮಿತಿಯ ಉಗ್ರಾಣದಲ್ಲಿಟ್ಟು ಬೀಗ ಹಾಕಲಾಯಿತು. ಬೀಗದ ಕೈ ಸಂಯೋಜಕನ ಜೇಬಿನಲ್ಲಿ.

4. ಅತಿಥಿಗಳು ಬಂದರು. ದೊಡ್ಡ ಟೋಪಿ, ದೊಡ್ಡ ಚೀಲ, ನೀರಿನ ಬಾಟಲಿ. ಹೊಳೆಯ ಮಧ್ಯೆ ಬಂದಾಗಲೆಲ್ಲ ಅವರ ಕಣ್ಣಿಗೆ ಕೆಂಪು ಗೂಟ ಬೀಳುತ್ತಿತ್ತು. "ಇದೇನು, ಇಲ್ಲಿ ಸೇತುವೆ ಬರುತ್ತಾ?" ಎಂದು ಕೇಳುತ್ತಿದ್ದರು. "ಬರುತ್ತೆ ತಾಯಿ, ಇನ್ನೇನು ಬಂದೇಬಿಡ್ತು" ಎಂದು ಅರ್ಜಿದಾರನು ಹಲ್ಲು ಬಿಟ್ಟು ಹೇಳುತ್ತಿದ್ದ. ಅತಿಥಿಗಳ ಮುಖ ಬಾಡಿಹೋಗುತ್ತಿತ್ತು. ವರ್ಷಕ್ಕೊಮ್ಮೆ ನೋಡಲು ಬರುವ ಪರರ ಕಷ್ಟ ನಿಂತುಹೋದರೆ ಯಾರಿಗೆ ತಾನೆ ಬೇಸರವಾಗುವುದಿಲ್ಲ? ದೂರು ಸಂಯೋಜಕನಿಗೆ ಹೋಯಿತು. ಆತ ಒಂದು ಸಂಜೆ ಅಕ್ಕನ ಮನೆಗೆ ಬಂದು ಚಹಾ ಕುಡಿಯುತ್ತ ಭಾವನಿಗೆ ಪಾಠ ಹೇಳಿದ.

"ಭಾವ, ಇನ್ಮೇಲೆ ಅವ್ರು ಕೇಳಿದ್ರೆ ಹುಟ್ಟು ಮೇಲೆತ್ತಿ ದೋಣಿ ನಿಲ್ಲಿಸಿ. ನೀರು ನೋಡಿ. ಆಮೇಲೆ ಮೆಲ್ಲಗೆ ಹೇಳಿ, ನಮಗೆ ಸೇತುವೆ ಬೇಡ. ಹೊಳೆಗೂ ನಮಗೂ ನಡುವೆ ಕಬ್ಬಿಣ ಬೇಡ. ಅಷ್ಟೇ."

"ಬೇಕಲ್ಲಪ್ಪಾ. ನಂಗೆ ಬೇಕು."

"ಬೇಕು ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ಬಾಯಲ್ಲಿ ಬೇಡ ಅನ್ನಿ. ದೋಣೀಲಿ ಆಡಿದ ಮಾತು ದಡ ಹತ್ತಲ್ಲ ಅಂತ ನೀವೇ ಹೇಳ್ತೀರಲ್ಲ."

ಹೆಂಡತಿ ಒಲೆಯ ಬಳಿಯಿಂದಲೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. "ಲೋ, ಇವ್ರಿಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೋ. ಹೇಳಿದ್ರೆ ನೆಟ್ಟಗೆ ಹೇಳಿಬಿಡ್ತಾರೆ, ಜನ ನಂಬಿಬಿಡ್ತಾರೆ." ಮುಂದಿನದೆಲ್ಲ ಅವಳು ಅಂದಂತೆಯೇ ನಡೆಯಿತು ಎಂಬುದನ್ನು ದಾಖಲಿಸಬೇಕಾಗಿ ಕೋರಿದೆ.

5. ಅರ್ಜಿದಾರನು ಎರಡು ಹಂಗಾಮು ಪೂರ್ತಿ ಈ ಮಾತನ್ನು ಹೇಳಿದ. ಇದು ಅವನ ತಪ್ಪು. ಒಪ್ಪಿಕೊಂಡಿರುತ್ತಾನೆ.

6. ಬರಬರುತ್ತಾ ಮಾತು ಅವನಿಗೆ ಎಷ್ಟು ಕೈವಶವಾಯಿತೆಂದರೆ "ಕಬ್ಬಿಣ" ಎನ್ನುವ ಮೊದಲು ಒಂದು ನಿಟ್ಟುಸಿರನ್ನೂ ಸೇರಿಸಿಕೊಂಡ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅತಿಥಿಗಳು ಕಣ್ಣೊರೆಸಿಕೊಂಡರು. ಟೋಪಿಯಮ್ಮನೊಬ್ಬಳು ಫೋನು ಆನ್ ಆಗಿರಲಿಲ್ಲವೆಂದು ಅದನ್ನೇ ಎರಡನೇ ಸಲ ಹೇಳಿಸಿ, "ನಿಟ್ಟುಸಿರು ಮೊದಲನೇ ಸಲ ಚೆನ್ನಾಗಿತ್ತು" ಎಂದು ಮೂರನೇ ಸಲವೂ ಹೇಳಿಸಿದಳು.

7. ಹೋದ ವರ್ಷ, ಹಂಗಾಮಿನ ನಡುವೆ, ಬೆಳಗಿನ ಹತ್ತೂವರೆಗೆ ಅರ್ಜಿದಾರನು ಎಂಟು ಅತಿಥಿಗಳೊಂದಿಗೆ ಹೊಳೆಯ ನಡುವೆ ಇದ್ದನು. ಕಾರ್ಯಕ್ರಮದ ಪ್ರಕಾರ ಅದು "ಹೊಳೆಯೊಂದಿಗೆ ಹತ್ತು ನಿಮಿಷ ಮೌನ" ನಡೆಯುವ ಹೊತ್ತು. ಆಗ ಊರಿನ ದಡದಲ್ಲಿ ದರ್ಜಿ ಓಡಿ ಬಂದು, ಕೈಯಲ್ಲಿದ್ದ ಹೊಲಿಯುವ ಬಟ್ಟೆಯನ್ನೇ ಬೀಸುತ್ತಾ ಕೂಗತೊಡಗಿದಳು. ಅರ್ಜಿದಾರನ ಹೆಂಡತಿ ಒಲೆಯ ಮುಂದೆ ಕುಸಿದು ಬಿದ್ದಿದ್ದಳು. ಅತಿಥಿಗಳು ಇದನ್ನು ಸ್ಥಳೀಯರ ಸ್ವಾಗತವೆಂದು ತಿಳಿದು ಎಂಟು ಕೈ ಎತ್ತಿ ಮರಳಿ ಬೀಸಿದರು. ಫೋಟೋ ತೆಗೆದರು. ಅರ್ಜಿದಾರನು ಹುಟ್ಟಿಗೆ ಕೈ ಹಾಕಿದಾಗ ಒಬ್ಬರು ಪಿಸುಮಾತಿನಲ್ಲಿ, "ಇನ್ನೂ ನಾಲ್ಕು ನಿಮಿಷ ಇದೆ" ಎಂದು ನೆನಪಿಸಿದರು.



ಊರಿನ ದಡಕ್ಕೆ ಬಂದು, ಅತಿಥಿಗಳನ್ನು ಇಳಿಸಿ, ಹೆಂಡತಿಯನ್ನು ಚಾಪೆಯ ಸಮೇತ ದೋಣಿಗೆ ತಂದದ್ದಾಯಿತು. ಎಂಜಿನ್ ಉಗ್ರಾಣದಲ್ಲಿ. ಬೀಗದ ಕೈಯಿದ್ದ ಜೇಬು ಈಚೆ ದಡದ ಒಂದು ಸಭಾಂಗಣದಲ್ಲಿ "ಸಮುದಾಯದ ಸಬಲೀಕರಣ" ಕುರಿತು ಮಾತಾಡುತ್ತಿತ್ತು. ಎಂಟು ಜನರಲ್ಲಿ ಒಬ್ಬರ ಬಗ್ಗೆ ಸತ್ಯ ಹೇಳಬೇಕು. ಬೊಕ್ಕತಲೆಯ ಒಬ್ಬ ಮುದುಕರು ಕೇಳದೆಯೇ ಪ್ಯಾಂಟು ಮಡಚಿ ದೋಣಿ ಹತ್ತಿ ಎರಡನೇ ಹುಟ್ಟು ಹಿಡಿದರು. ಅವರಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ, ಅಂಗೈ ಕಿತ್ತುಹೋಯಿತು, ಆದರೂ ಬಿಡಲಿಲ್ಲ. ಅವರ ಹೆಸರನ್ನು ಕೇಳದೇ ಹೋದದ್ದಕ್ಕೆ ಅರ್ಜಿದಾರನಿಗೆ ಇಂದಿಗೂ ಪಶ್ಚಾತ್ತಾಪವಿದೆ. ದೋಣಿ, ಅದಾದ ಮೇಲೆ ತಳ್ಳುಗಾಡಿ, ಅದಾದ ಮೇಲೆ ಬಸ್ಸು. ಆಸ್ಪತ್ರೆ ಸೇರುವಾಗ ಎರಡೂವರೆ ಗಂಟೆ ಕಳೆದಿತ್ತು. ಒಂದು ಗಂಟೆ ಮೊದಲು ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇಷ್ಟು ಎಂದರೆ, ಬಲಗೈ ಮತ್ತು ಮಾತು.

ಅರ್ಜಿದಾರನಿಗೆ ಅಂದಿನಿಂದ ಎಲ್ಲರ ಮೇಲೂ ಸಿಟ್ಟಿದೆ. ಎಲ್ಲರಿಗಿಂತ ಹೆಚ್ಚು ತನ್ನ ಮೇಲಿದೆ. ತನ್ನ ಎಂಜಿನ್ನನ್ನು ತಾನೇ ಬಿಚ್ಚಿ ಕೊಟ್ಟವನು ಬೇರೆ ಯಾರನ್ನು ಬೈಯಲಿ ಎಂದು ಕೇಳುತ್ತಾನೆ.

8. ಈಚೆ ದಡದ ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ, ಮಾತು ಕಲಿಸುವ ಒಂದು ಸಣ್ಣ ಕೋಣೆಯಿದೆ. ಗೋಡೆಗೆ ಕನ್ನಡಿ, ಎರಡು ಸ್ಟೂಲು, ಚಿತ್ರಗಳ ಒಂದು ಕಟ್ಟು. ಮಾತಿನ ಮೇಡಂ ವಾರಕ್ಕೆರಡು ಸಲ ಹೆಂಡತಿಯನ್ನು ಕನ್ನಡಿಯ ಮುಂದೆ ಕೂರಿಸಿ, ತುಟಿ ಹೇಗೆ ತೆರೆಯಬೇಕು ಎಂಬಲ್ಲಿಂದ ಶುರು ಮಾಡಿದರು. ಹೋದ ಮಳೆಗಾಲದ ಹೊತ್ತಿಗೆ ಹತ್ತೊಂಬತ್ತು ಮಾತು ಬಂದಿದ್ದವು. ನೀರು, ಬಾಗಿಲು, ಬಿಸಿ, ಸಾಕು, ಕೂತ್ಕೋ, ಇತ್ಯಾದಿ. ಗಂಡನನ್ನು ಕರೆಯುವ ಮಾತು ಹದಿನೇಳನೆಯದಾಗಿ ಬಂತು. ಬೈಗುಳ ಮೂರನೆಯದಾಗಿಯೇ ಬಂದಿತ್ತು. ಅರ್ಜಿದಾರನು ಇದರ ಬಗ್ಗೆ ಯಾವ ಆಕ್ಷೇಪಣೆಯನ್ನೂ ಎತ್ತಿರುವುದಿಲ್ಲ.

ಮಳೆ ಬಂದು ಹೊಳೆ ಏರಿದರೆ ನಾಲ್ಕು ತಿಂಗಳು ದೋಣಿ ಇಲ್ಲ. ಸುತ್ತು ಬಳಸಿ ಹೋದರೆ ಅರವತ್ತೆರಡು ಕಿಲೋಮೀಟರು, ಅದರಲ್ಲಿ ಅರ್ಧವನ್ನು ದಾರಿ ಎನ್ನುವುದು ಬರೀ ಮರ್ಯಾದೆಗೆ. ಆದಕಾರಣ ನಾಲ್ಕು ತಿಂಗಳು ಕನ್ನಡಿ ಇಲ್ಲ, ಮೇಡಂ ಇಲ್ಲ. ಅರ್ಜಿದಾರನು ಮನೆಯಲ್ಲೇ ಕನ್ನಡಿ ಹಿಡಿದು ಕಲಿಸಲು ಹೋಗಿ ಇಬ್ಬರೂ ಅತ್ತದ್ದೇ ಬಂತು. ನೀರು ಇಳಿದು ವಾಪಸು ಹೋದಾಗ ಹತ್ತೊಂಬತ್ತರಲ್ಲಿ ಉಳಿದಿದ್ದವು ಐದು. ಗಂಡನನ್ನು ಕರೆಯುವ ಮಾತು ಆ ಐದರಲ್ಲಿ ಇರಲಿಲ್ಲ. ಮೇಡಂ ಈಗ ಮತ್ತೆ ಇಪ್ಪತ್ತಾರಕ್ಕೆ ತಂದಿದ್ದಾರೆ. "ಈ ಸಲ ತಪ್ಪಿಸ್ಬೇಡಿ ಯಜಮಾನ್ರೇ" ಎಂದು ಮೇಡಂ ಹೇಳಿದ್ದಾರೆ. "ಮತ್ತೆ ಹೋದ್ರೆ ಮತ್ತೆ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ." ಮಳೆಗೆ ಇನ್ನು ಮೂರು ವಾರ. ಈ ಮಳೆಗೆ ಸೇತುವೆ ಆಗದು ಎಂಬುದು ಅರ್ಜಿದಾರನಿಗೂ ಗೊತ್ತು. ಕಡತ ಬದುಕಿದ್ದರೆ ಮುಂದಿನ ಮಳೆಗಾದರೂ ಆದೀತು ಎಂಬ ಒಂದೇ ಆಸೆಯನ್ನು ಇಟ್ಟುಕೊಂಡಿದ್ದಾನೆ.

9. ಹೀಗಿರುವಲ್ಲಿ ಉಲ್ಲೇಖ ಒಂದರ ಪತ್ರ ಬಂತು. ಬರೆಯುವವನೇ ಅದನ್ನು ಓದಿ ಹೇಳಿದವನು. ಸೇತುವೆಯನ್ನು ವಿರೋಧಿಸಿ ಇನ್ನೂರ ಹದಿನಾಲ್ಕು ಸ್ಥಳೀಯರು ವಿಡಿಯೋ ಮೂಲಕ ಹೇಳಿಕೆ ನೀಡಿರುವುದಾಗಿ ಅದರಲ್ಲಿದೆ. ಸದರಿ ಊರಿನಲ್ಲಿ ಮನೆಗಳೇ ಅರವತ್ತು. ಪಟ್ಟಿಯನ್ನು ತಮ್ಮ ಕಚೇರಿಯಿಂದ ಪಡೆದು ನೋಡಲಾಗಿ, ಕ್ರಮಸಂಖ್ಯೆ ಒಂದು, "ಅನುಭವಿ ಅಂಬಿಗ". ಎರಡು, "ಹೊಳೆಯ ಮಗ". ಮೂರು, "ಬಿಳಿ ಗಡ್ಡದ ಸ್ಥಳೀಯ". ನಲವತ್ತೊಂದು, "ಹೆಸರು ಹೇಳಲಿಚ್ಛಿಸದ ಋಷಿಸದೃಶ ವ್ಯಕ್ತಿ". ಇನ್ನೂರ ಹದಿನಾಲ್ಕೂ ಅರ್ಜಿದಾರನೇ. ಇನ್ನೂರ ಹದಿನಾಲ್ಕು ಫೋನುಗಳಲ್ಲಿ, ಅದೇ ದೋಣಿಯಲ್ಲಿ, ಅದೇ ನಿಟ್ಟುಸಿರಿನೊಂದಿಗೆ. ತಮ್ಮ ಕಚೇರಿಯಲ್ಲಿ ಯಾರಾದರೂ ಎರಡು ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿದ್ದರೂ ಸಾಕಿತ್ತು. ಆದರೆ ಕಣ್ಣು ನೋಡುವ ಕೆಲಸ, ಕೈ ರುಜು ಹಾಕುವ ಕೆಲಸ, ಎರಡೂ ಬೇರೆ ಬೇರೆ ಟೇಬಲ್ಲಿನವೆಂದು ಬರೆಯುವವನು ಇಪ್ಪತ್ತೆರಡು ವರ್ಷಗಳಿಂದ ಬಲ್ಲ.

10. ಅರ್ಜಿದಾರನು ಪಟ್ಟಿಯನ್ನು ಹಿಡಿದುಕೊಂಡು ಸಂಯೋಜಕನ ಬಳಿ ಹೋದ. ಸಂಯೋಜಕನು ತನ್ನ ಅತಿಥಿಗೃಹದ ಜಗಲಿಯಲ್ಲಿ, ಹಳೆಯದಾಗಿ ಕಾಣಲೆಂದು ಹೊಸ ಕಂಬಗಳಿಗೆ ಮಸಿ ಬಳಿಸುತ್ತಿದ್ದ.

"ಏನೋ ಇದು? ಇವೆಲ್ಲ ನಾನೇ ಅಲ್ವೇನೋ?"

"ನೀವೇ ಭಾವ. ಅತಿಥಿಗಳು ಪ್ರೀತಿಯಿಂದ ಕಳಿಸಿದ್ರು. ನಾನು ಮುಂದಕ್ಕೆ ಕಳಿಸ್ದೆ."

"ಹೇಳಿಕೊಟ್ಟೋನು ನೀನು."

"ಹೇಳಿಕೊಟ್ಟಿದ್ದು ನಾನು, ಹೇಳಿದ್ದು ನೀವು. ಸೇತುವೆ ಬಂದ್ರೆ ಅವ್ರು ಯಾಕೆ ಭಾವ ಇಲ್ಲಿಗೆ ಬರ್ತಾರೆ? ಬೆಳಿಗ್ಗೆ ಬಂದು ಸಂಜೆ ಕಾರಲ್ಲಿ ವಾಪಸ್ ಹೋಗ್ತಾರೆ. ಈ ರೂಮುಗಳನ್ನ ಏನ್ಮಾಡ್ಲಿ?"

"ನಿಮ್ಮಕ್ಕನ್ನ ಏನ್ಮಾಡ್ಲಿ?"

ಸಂಯೋಜಕ ಮಸಿ ಹತ್ತದ ಒಂದು ಕಂಬವನ್ನು ಆಳಿಗೆ ತೋರಿಸಿದನಂತೆ. ಆಮೇಲೆ, "ಅಕ್ಕ ಬೇಕು ಅಂತ ಎಲ್ಲಿ ಹೇಳಿದ್ಲು? ಸಭೇಲಿ ಕೂತಿದ್ಲಲ್ಲ, ಸಾಹೇಬ್ರು ಕೇಳಿದ್ರಲ್ಲ" ಎಂದ.

ಆ ಸಭೆಯಲ್ಲಿ ಏನು ನಡೆಯಿತೆಂಬುದು ಅರ್ಜಿದಾರನಿಗೆ ಆಗಲೇ ಗೊತ್ತಾದದ್ದು. ಎರಡು ತಿಂಗಳ ಹಿಂದೆ ತಮ್ಮ ಕಚೇರಿಯ ಅಧಿಕಾರಿಯೊಬ್ಬರು ಸಾರ್ವಜನಿಕ ಅಹವಾಲು ಕೇಳಲು ಬಂದಿದ್ದರು. ಅವರನ್ನು ದಾಟಿಸಿದವನು ಅರ್ಜಿದಾರನೇ. ಸಭೆಯ ಹೊತ್ತಿಗೆ ದೋಣಿ ತುಂಬ ಅತಿಥಿಗಳಿದ್ದುದರಿಂದ ಅವನು ಮತ್ತೆ ಹೊಳೆಯಲ್ಲೇ ಇದ್ದ. ಹೆಂಡತಿಯನ್ನು ದರ್ಜಿ ಕೈಹಿಡಿದು ಸಭೆಗೆ ಕರೆದೊಯ್ದಿದ್ದಳು. ಮಿಕ್ಕದ್ದನ್ನು ದರ್ಜಿಯೇ ಹೇಳಿದಳು. ಸೇತುವೆ ಬೇಕೆನ್ನುವವರು ಯಾರಾದರೂ ಇದ್ದೀರಾ ಎಂದು ಅಧಿಕಾರಿ ಕೇಳಿದಾಗ ಹೆಂಡತಿ ಎಡಗೈಯನ್ನು ಕುರ್ಚಿಗೆ ಊರಿ ಎದ್ದು ನಿಂತಳು. ಬಾಯಿ ತೆರೆದಳು. ತುಟಿಯನ್ನು ಮೇಡಂ ತೋರಿಸಿದ ಹಾಗೆ ಮಾಡಿದಳು. ಸಭೆ ಕಾಯಿತು, ಸ್ವಲ್ಪ ಹೊತ್ತು. ಯಾರೋ ಕೆಮ್ಮಿದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಆಗ ಅವಳ ತಮ್ಮ ಎದ್ದು, "ಅಕ್ಕನ ಅಭಿಪ್ರಾಯವೂ ನಮ್ಮೆಲ್ಲರದ್ದೇ ಸಾರ್, ಮೌನಂ ಸಮ್ಮತಿ ಲಕ್ಷಣಂ" ಎಂದ. ಸಭೆ ನಕ್ಕಿತು. ನಡಾವಳಿಯಲ್ಲಿ ಹಾಗೆಯೇ ದಾಖಲಾಯಿತು. ದರ್ಜಿ ಏಳಲು ಹೋದಾಗ ಚಹಾ ಬಂತು.

ಅಕ್ಕನ ಬೆನ್ನ ಮೇಲೆ ಬೆಳೆದ ತಮ್ಮ ಇವನು. ಮಾತು ಕಲಿತದ್ದು ಅವಳಿಂದಲೇ. ಬರೆಯುವವನಿಗೆ ಇದಕ್ಕೆ ಕಚೇರಿ ಭಾಷೆಯಲ್ಲಿ ತಕ್ಕ ಪದ ಸಿಗಲಿಲ್ಲ.

11. ಆ ದಿನದಿಂದ ಅರ್ಜಿದಾರನು ತನ್ನ ತಪ್ಪನ್ನು ತಪ್ಪು ಮಾಡಿದ ಜಾಗದಲ್ಲೇ ತಿದ್ದಲು ಹೊರಟ. ಹೊಳೆಯ ನಡುವೆ ಹುಟ್ಟು ಮೇಲೆತ್ತಿ, "ನಮಗೆ ಸೇತುವೆ ಬೇಕು. ಇಷ್ಟು ದಿನ ಹೇಳಿದ್ದು ಸುಳ್ಳು" ಎಂದು ಹೇಳತೊಡಗಿದ. ಅತಿಥಿಗಳು ಮೊದಲು ಗಾಬರಿಯಾಗಿ, ಆಮೇಲೆ ಬಿದ್ದು ಬಿದ್ದು ನಕ್ಕರು. "ಸ್ಥಳೀಯ ಅಂಬಿಗನ ಹಾಸ್ಯಪ್ರಜ್ಞೆ ಅದ್ಭುತ" ಎಂದು ಅಭಿಪ್ರಾಯದ ಪುಸ್ತಕದಲ್ಲಿ ಬರೆದರು. ಒಬ್ಬ ಯುವಕ ಮಾತ್ರ ನಗದೆ, ಅವನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಹತ್ರ ಏನಿದೆ ಅಂತ ನಿಮಗೇ ಗೊತ್ತಿಲ್ಲ. ದಯವಿಟ್ಟು ಬದಲಾಗಬೇಡಿ" ಎಂದು ಬೇಡಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಎರಡು ದಿನ ನಮ್ಮೂರಿನ ಗಾಳಿ ಕುಡಿದವನು ಮೂವತ್ತೊಂದು ವರ್ಷ ಹುಟ್ಟು ಹಾಕಿದವನಿಗೆ ಬುದ್ಧಿ ಹೇಳಿ, ಬಸ್ಸು ಹತ್ತಿ ಹೊರಟುಹೋದ. ಸುಳ್ಳು ಹೇಳಿದಾಗ ಇನ್ನೂರ ಹದಿನಾಲ್ಕು ಜನ ನಂಬಿದರು, ನಿಜ ಹೇಳಿದಾಗ ಒಬ್ಬನೂ ನಂಬಲಿಲ್ಲ. ಆದಕಾರಣ ಅರ್ಜಿದಾರನು ಮಾತನ್ನು ಬಿಟ್ಟು ಕಾಗದಕ್ಕೆ ಶರಣಾಗಿದ್ದಾನೆ.

ಆದ್ದರಿಂದ ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಮಾನ್ಯರು ದಯವಿಟ್ಟು:

ಅ) ಇನ್ನೂರ ಹದಿನಾಲ್ಕು ಸ್ಥಳೀಯರನ್ನು ಒಬ್ಬನೆಂದು ಪರಿಗಣಿಸಬೇಕು. ಸದರಿ ಒಬ್ಬನು ತನ್ನ ಮಾತನ್ನು ಬೇಷರತ್ತಾಗಿ ವಾಪಸು ಪಡೆದಿದ್ದಾನೆ.

ಆ) ಅತಿಥಿಗಳ ಪ್ರೀತಿಯನ್ನು ಆಕ್ಷೇಪಣೆಯ ಕಡತದಿಂದ ತೆಗೆದು ಬೇರೆ ಕಡತದಲ್ಲಿಡಬೇಕು. ಹೊಳೆ ದಾಟಿ ವಾಪಸು ಹೋಗುವವರಿಗೂ ದಾಟಲೇಬೇಕಾದವರಿಗೂ ಇರುವ ವ್ಯತ್ಯಾಸದ ಬಗ್ಗೆ ತಮ್ಮ ಷರಾದಲ್ಲಿ ಒಂದು ಸಾಲು ಬರೆಯಬೇಕು.

ಇ) ಹುಟ್ಟು ಹಾಕುವ ದೃಶ್ಯ ಇಲ್ಲದೆ ಪ್ರವಾಸಿಗರಿಗೆ ಬೇಸರವಾಗುವುದೆಂದು ತಾವು ಭಾವಿಸಿದಲ್ಲಿ, ಸೇತುವೆಯ ಕೆಳಗೆ ಅರ್ಜಿದಾರನು ಬೆಳಗಿನ ಹೊತ್ತು ಒಂದು ಗಂಟೆ ಖಾಲಿ ದೋಣಿಯನ್ನು ಅತ್ತಿಂದಿತ್ತ ಓಡಿಸಲು ತಯಾರಿದ್ದಾನೆ. ನಿಟ್ಟುಸಿರು ಉಚಿತ.

ಈ) ಎಂಜಿನ್ನನ್ನು ಉಗ್ರಾಣದಿಂದ ಬಿಡಿಸಿಕೊಡಬೇಕು. ಪ್ರಕೃತಿ ಓಡಿಹೋದರೆ ಹಿಡಿದು ತರುವ ಜವಾಬ್ದಾರಿ ಅರ್ಜಿದಾರನದು.

ಉ) ಉಳಿದಿರುವ ಒಂಬತ್ತು ದಿನಗಳೊಳಗೆ ಮತ್ತೊಮ್ಮೆ ಅಹವಾಲು ಕೇಳಬೇಕು. ಈ ಸಲ ಈಚೆ ದಡದಲ್ಲಿ, ತಮ್ಮ ಕೋಣೆಯಲ್ಲಿ, ತಮ್ಮ ಎದುರಿಗೆ.

ತಮ್ಮ ಮೇಲೆ ಇಷ್ಟರ ಮೇಲೂ ವಿಶ್ವಾಸ ಇಟ್ಟುಕೊಂಡಿರುವ,

(ಎಡಗೈ ಹೆಬ್ಬೆಟ್ಟಿನ ಗುರುತು)
ಅರ್ಜಿದಾರ

ಬರೆದವನು: ಮೆಟ್ಟಿಲ ಪಕ್ಕದ ಮೇಜು. ಕೂಗಿದರೆ ಕೇಳಿಸುತ್ತದೆ.

ಲಗತ್ತುಗಳು:
1. ಬಣ್ಣದ ಪುಸ್ತಿಕೆ, ಪುಟ ನಾಲ್ಕು. ನಗುತ್ತಿರುವವನು ಅರ್ಜಿದಾರ.
2. ಇನ್ನೂರ ಹದಿನಾಲ್ಕು ಹೇಳಿಕೆಗಳ ಪಟ್ಟಿ.
3. ಡಾಕ್ಟರ ಪತ್ರ. "ಒಂದು ಗಂಟೆ ಮೊದಲು" ಎಂಬುದಕ್ಕೆ ಅಡಿಗೆರೆ ಹಾಕಿದ್ದು ಅರ್ಜಿದಾರ.
4. ಮಾತಿನ ಮೇಡಂ ಅವರ ಕಾರ್ಡು. ಹೋದ ಮಳೆಗೆ ಮೊದಲು ಹತ್ತೊಂಬತ್ತು, ಅನಂತರ ಐದು, ಇಂದಿಗೆ ಇಪ್ಪತ್ತಾರು.
5. ದರ್ಜಿ ಬಟ್ಟೆ ಬೀಸುತ್ತಿರುವ ಫೋಟೋ, ಚೌಕಟ್ಟಿನ ಸಮೇತ. ಕೆಳಗಿನ ಬರಹ, "ಊರು ನಮ್ಮನ್ನು ಬರಮಾಡಿಕೊಂಡ ಕ್ಷಣ". ಅತಿಥಿಗೃಹದ ಗೋಡೆಯಿಂದ ಕಿತ್ತು ತಂದದ್ದು. ಹಿಂದಿರುಗಿಸಬೇಕಾಗಿಲ್ಲ.

ವಿಶೇಷ ಕೋರಿಕೆ: ಅಹವಾಲಿನ ದಿನ ಅರ್ಜಿದಾರನು ಏನೂ ಮಾತಾಡುವುದಿಲ್ಲ. ಅವನ ಹೆಂಡತಿ ಮಾತಾಡುತ್ತಾಳೆ. "ಸೇತುವೆ ಬೇಕು" ಎಂಬ ಎರಡು ಮಾತನ್ನು ಅವಳು ಆ ಸಭೆಯ ನಂತರ ತಾನಾಗಿಯೇ ಆರು ವಾರಗಳಿಂದ ಕನ್ನಡಿಯ ಮುಂದೆ ಕಲಿಯುತ್ತಿದ್ದಾಳೆ. ಕಳೆದ ಗುರುವಾರ ಮೊದಲ ಸಲ ಪೂರ್ತಿ ಬಂತು, ನಾಲ್ಕು ನಿಮಿಷ ಹಿಡಿಯಿತು. ಹೊಸ ಜಾಗ, ಹೊಸ ಮುಖಗಳು, ಆದ್ದರಿಂದ ಆರು ಹಿಡಿಯಬಹುದು. ಅಷ್ಟು ಹೊತ್ತು ಅವಳ ಪರವಾಗಿ ಬೇರೆ ಯಾರೂ ಬಾಯಿ ಹಾಕದಂತೆ ನೋಡಿಕೊಂಡು, ಅವಳು ಎರಡನೆಯ ಮಾತನ್ನು ಮುಗಿಸುವವರೆಗೆ ನಡಾವಳಿಯಲ್ಲಿ ತಾವು ಏನನ್ನೂ ಬರೆಯದೆ ಕಾಯಬೇಕಾಗಿ ಪ್ರಾರ್ಥನೆ.